ಬರೀ ಧೂಳಲ್ಲ

‘ದಿ ಗ್ರೇಪ್ಸ್ ಆಫ್ ರಾತ್’ ಮತ್ತೆ ಓದುತ್ತಿದ್ದೇನೆ. ಜಾನ್ ಸ್ಟೈನ್‌ಬೆಕ್ ಬರೆದ 1939ರ ಕಾದಂಬರಿ. ಅದರಲ್ಲಿ ಬರುವ, ಅಮೆರಿಕದ ಒಕ್ಲಹೋಮಾ ರಾಜ್ಯದ ರೈತರು ಊರು ಬಿಟ್ಟಿದ್ದು ಬರ, ಧೂಳಿನ ಬಿರುಗಾಳಿಯಿಂದ ಅಂತಷ್ಟೇ ಅಂದುಕೊಂಡಿದ್ದೆ. ಅದೂ ನಿಜವೇ. ಆದರೆ ಹತ್ತಿ ಬೆಲೆಯೂ ನೆಲಕಚ್ಚಿತ್ತು. ಬೆಲೆ ಏರಲಿ ಅಂತ 1933ರಲ್ಲಿ ಅಮೆರಿಕ ಸರ್ಕಾರ, ಕಡಿಮೆ ಬೆಳೆಯುವವರಿಗೆ ದುಡ್ಡು ಕೊಡಲು ಶುರು ಮಾಡಿತು. ಅದು ಹೆಚ್ಚಾಗಿ ಸೇರಿದ್ದು ಜಮೀನಿನ ಒಡೆಯರಿಗೆ. ಗೇಣಿಗೆ ಉಳುತ್ತಿದ್ದವರನ್ನು ಎಷ್ಟೋ ಕಡೆ ಎಬ್ಬಿಸಿದರು. ಕೆಲವು ಒಡೆಯರು ಅದೇ ದುಡ್ಡಲ್ಲಿ ಟ್ರ್ಯಾಕ್ಟರ್ ಕೊಂಡರು! ಎಂಥಾ ಲೆಕ್ಕ ಅಲ್ವಾ?

ಹಳೇ ಕಾರಿಗೆ ಹಾಸಿಗೆ, ಪಾತ್ರೆ ಕಟ್ಟಿಕೊಂಡು 66ನೇ ಹೆದ್ದಾರಿ ಹಿಡಿದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಕಾದಿದ್ದು ‘ಓಕಿ’ (ಒಕ್ಲಹೋಮಾದವ) ಅನ್ನುವ ಬೈಗುಳ. ಕೆಲಸ ಕೇಳುವವರು ಜಾಸ್ತಿ ಆದಷ್ಟೂ ಕೂಲಿ ಇಳಿಯಿತು.

ನಿನ್ನೆ ರಾತ್ರಿ, ಟ್ರ್ಯಾಕ್ಟರ್ ಮನೆಗೆ ಗುದ್ದುವ ಪುಟದಲ್ಲಿ ಪುಸ್ತಕ ಮಡಚಿಟ್ಟೆ. ಇನ್ನೂ ತೆರೆದಿಲ್ಲ.