ಬಿಳಿ ಫಿಲ್ಮು, ಕರಿ ಗಾಡಿ

ಚೌತಿಗೆ ಮೂರು ದಿನ ಇರುವಾಗ ಕುಮಟಾದ ಕಾರ್ ಶೋರೂಮಿನಲ್ಲಿ ಗಾಡಿ ಡೆಲಿವರಿ ಕೊಡುವ ಕೆಲಸ ಶತ್ರುವಿಗೂ ಬೇಡ. ಒಂದೇ ಬೆಳಿಗ್ಗೆ ಆರು ಗಾಡಿ, ಇರುವುದೊಂದೇ ವಾಷಿಂಗ್ ಬೇ, ಹೊರಗೆ ಹಿಡಿದ ಮಳೆ ಬಿಟ್ಟಿಲ್ಲ. ಐದು ಹೇಗೋ ಗೇಟ್ ದಾಟಿದವು. ಆರನೆಯದು ಶಿರಸಿ ಕಡೆಯ ಅಡಿಕೆ ತೋಟದವರೊಬ್ಬರ ಕರಿ ಗಾಡಿ. ಅದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗ್ತದೆ.

ಗಾಡಿ ಟ್ರೇಲರಿನಿಂದ ಇಳಿದದ್ದು ಮೇ ತಿಂಗಳಲ್ಲಿ. ಕೆಂಪು ಧೂಳು ಎದ್ದು ಕಾಣ್ತದೆ ಅಂತ ಕರಿ ಬಣ್ಣ ಯಾರೂ ಕೇಳಲಿಲ್ಲ. ಏಜ್ಡ್ ಸ್ಟಾಕ್, ಮಾರಾಟವಾಗದೆ ಉಳಿದ ಮಾಲು, ಅಂತ ಯಾರ್ಡಿನ ಕೊನೆಯ ಸಾಲಿಗೆ ಹೋಯ್ತು, ಮರದ ನೆರಳೂ ಇಲ್ಲದ ಜಾಗ. ಬಾನೆಟ್, ಟಾಪ್, ಬಂಪರಿನ ಎರಡು ಮೂಲೆಗೆ ಪೇಂಟ್ ಕಾಯಲಿಕ್ಕೆ ಫ್ಯಾಕ್ಟರಿಯವರು ಅಂಟಿಸಿದ ಬಿಳಿ ಫಿಲ್ಮು ಇತ್ತು. ಅವತ್ತು ಪಿಡಿಐ, ಅಂದರೆ ಡೆಲಿವರಿಗೆ ಮೊದಲಿನ ತಪಾಸಣೆ, ಮಾಡಿದವ ನಾನೇ. ಶೀಟಿನಲ್ಲಿ 'ಫಿಲ್ಮ್ ತೆಗೆದಿದೆ' ಕಾಲಮ್ಮಿಗೆ ಟಿಕ್ ಹಾಕಿದವನೂ ನಾನೇ. ಫಿಲ್ಮು ಮಾತ್ರ ತೆಗೆದಿರಲಿಲ್ಲ. ಕಾಗೆ ಹೇತರೆ ಫಿಲ್ಮಿನ ಮೇಲೆ ಬೀಳಲಿ, ಪೇಂಟಿನ ಮೇಲೆ ಯಾಕೆ, ಡೆಲಿವರಿ ದಿನ ಎಳೆದರೆ ಎರಡು ನಿಮಿಷದ ಕೆಲಸ ಅಂತ ಲೆಕ್ಕ. ಮ್ಯಾನೇಜರೂ ಅದನ್ನೇ ಹೇಳಿದ್ದರು. ಆದರೆ ಅವರ ತಲೆಗೆ ಕಟ್ಟಿ ಪ್ರಯೋಜನವಿಲ್ಲ, ನನಗೂ ಅದು ಭಾರೀ ಬುದ್ಧಿವಂತಿಕೆ ಅಂತಲೇ ಕಂಡಿತ್ತು.

ಆ ಫಿಲ್ಮು ಇರುವುದು ದಾರಿಯ ಮಟ್ಟಿಗೆ. ಮೇ ಬಿಸಿಲಿನಲ್ಲಿ ಕರಿ ಬಾನೆಟ್ಟು ಕಾವಲಿ ಆಗ್ತದೆ, ಅಂಟು ಬೆಂದು ಪೇಂಟಿಗೆ ಕಚ್ಚಿಕೊಳ್ತದೆ, ಮೇಲಿನ ಪ್ಲಾಸ್ಟಿಕ್ಕು ಬಿಸಿಲು ತಿಂದು ಹಪ್ಪಳದ ಹಾಗೆ ಮುರುಕಲು. ಆಮೇಲೆ ನಮ್ಮ ಮಳೆ. ಅಂಚು ಒಂದೆರಡು ಕಡೆ ಎದ್ದಿತ್ತು. ಅದರ ಅಡಿಗೆ ನೀರು, ಧೂಳು, ಕಡಲ ಗಾಳಿಯ ಉಪ್ಪು ಎಲ್ಲ ಸೇರಿ ನಾಲ್ಕು ತಿಂಗಳು ಕೂತಿದ್ದವು. ಇದೆಲ್ಲ ಈಗ ಹೇಳ್ತಾ ಇದ್ದೇನೆ, ಬುಧವಾರ ಹತ್ತೂ ಕಾಲಿಗೆ ಒಂದೂ ತಲೆಯಲ್ಲಿ ಇರಲಿಲ್ಲ.

ಬುಧವಾರ ಹನ್ನೆರಡಕ್ಕೆ ರಾಹುಕಾಲ. ಅದರೊಳಗೆ ಗಾಡಿ ಗೇಟ್ ದಾಟಬೇಕು ಅಂತ ಕಸ್ಟಮರ್ ಎರಡು ಸಲ ಫೋನ್ ಮಾಡಿ ಹೇಳಿದ್ದರು. ದೇವಿಮನೆ ಘಾಟಿ ಇಳೀತಾ ಇದ್ದೇವೆ ಅಂತ ಮೂರನೇ ಫೋನು ಬಂತು. ನಾನು ಬಾನೆಟ್ಟಿನ ಮೂಲೆಗೆ ಉಗುರು ಹಾಕಿ ಎಳೆದೆ. ಪರ್ ಅಂತ ಎರಡು ಬೆರಳಗಲದ ಪಟ್ಟಿ ಹರಿದು ಕೈಗೆ ಬಂತು. ಅಂಟು ಬಾನೆಟ್ಟಿನ ಮೇಲೇ ಉಳೀತು, ಹಲಸಿನ ಮೇಣದ ಹಾಗೆ. ಇನ್ನೊಂದು ಕಡೆಯಿಂದ ಎಳೆದೆ, ಬೆರಳಿನಷ್ಟು ಬಂತು. ಹತ್ತು ನಿಮಿಷಕ್ಕೆ ಬಾನೆಟ್ಟು ತೊನ್ನು ಹತ್ತಿದ ಎಮ್ಮೆಯ ಹಾಗೆ ಕಾಣಲಿಕ್ಕೆ ಶುರುವಾಯ್ತು. ನಮಗೊಂದು ಬಿಸಿಗಾಳಿ ಊದುವ ಹೀಟ್ ಗನ್ ಬೇಕು ಅಂತ ಬರೆದು ಕೊಟ್ಟು ಎರಡು ತಿಂಗಳಾಗಿತ್ತು. ಡೆಲಿವರಿ ಜಾಗಕ್ಕೆ ಬಲೂನು, ರಿಬ್ಬನ್ನು, ಪೇಪರ್ ಬಾಂಬು ಮಾತ್ರ ತಪ್ಪದೆ ಬರ್ತದೆ.

ವಾಷಿಂಗ್ ಹುಡುಗ ಥಿನ್ನರ್ ಡಬ್ಬಿ ತಂದ. ಬೇಡ ಅನ್ನಬೇಕಿತ್ತು. ಬಂಪರಿನ ಎಡಮೂಲೆಯಲ್ಲಿ ಫಿಲ್ಮು ಚಿಂದಿಯಾಗಿ ಕೂತಿತ್ತು. ಬಟ್ಟೆಗೆ ಥಿನ್ನರ್ ಹಾಕಿ ಅದರ ಮೇಲೆ ಒತ್ತಿಟ್ಟೆ, ಅರ್ಧ ನಿಮಿಷ ನೆನೆಯಲಿ ಅಂತ. ಅಷ್ಟರಲ್ಲಿ ಅಕೌಂಟ್ಸಿನಿಂದ ಕರೆ, ಇನ್ಶೂರೆನ್ಸ್ ಕಾಪಿಯಲ್ಲಿ ಚಾಸಿ ನಂಬರಿನ ಒಂದು ಅಂಕಿ ತಪ್ಪಿದೆ ಅಂತ. ಹೋದೆ. ಅಲ್ಲಿ ಪ್ರಿಂಟರಿನೊಟ್ಟಿಗೆ ಜಗಳ. ವಾಪಸ್ ಬಂದಾಗ ಬಟ್ಟೆ ಬಂಪರಿಗೆ ಹಾಗೇ ಅಂಟಿಕೊಂಡಿತ್ತು. ತೆಗೆದೆ. ಅಂಟು ಹೋಗಿತ್ತು, ನಿಜ. ಅದರೊಟ್ಟಿಗೆ ಹೊಳಪೂ ಹೋಗಿತ್ತು. ಅಂಗೈ ಅಗಲದ ಜಾಗ ಸ್ಲೇಟಿನ ಹಾಗೆ ಮಂಕಾಗಿ, ಮುಟ್ಟಿದರೆ ಬೆರಳು ತುಸು ಹಿಡೀತಿತ್ತು. ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್‌ಕೋಟ್, ಅಂದರೆ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಆ ಮಂಕಿನಲ್ಲಿ ನನ್ನ ಮುಖ ನೋಡಿದೆ, ಕಾಣಲಿಲ್ಲ.

ಬಾಡಿಶಾಪಿಗೆ ಓಡಿದೆ. ಅಲ್ಲಿಯ ಪೇಂಟರ್ ಅಣ್ಣ ಬೀಡಿ ಆರಿಸಿ ಬಂದರು. ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಥಿನ್ನರ್ ಮುಚ್ಚಿಡು ಮಾರಾಯಾ" ಅಂದವರೇ ತಮ್ಮ ಹೀಟ್ ಗನ್ ಹಚ್ಚಿ ಒಂದು ಗೇಣು ದೂರ ಹಿಡಿದು ಒಂದೇ ಕಡೆ ನಿಲ್ಲಿಸದೆ ಆಡಿಸಿದರು. ನಡುನಡುವೆ ಅಂಗೈ ಹಿಂಬದಿ ಇಟ್ಟು ನೋಡ್ತಾರೆ, ಕೈ ತಾಳುವಷ್ಟೇ ಬಿಸಿ. ಹೆಚ್ಚು ಕಾಸಿದರೆ ಫಿಲ್ಮು ಬಂದು ಅಂಟು ಉಳೀತದಂತೆ. ಆಮೇಲೆ ಅಂಚು ಬಿಡಿಸಿ, ಮೇಲಕ್ಕೆ ಎತ್ತಿ ಎಳೆಯದೆ, ಫಿಲ್ಮನ್ನು ಅದರ ಮೇಲೇ ಮಡಚಿದ ಹಾಗೆ ಹಿಂದಕ್ಕೆ ನಿಧಾನ ಎಳೆದರು. ನನ್ನ ಕೈಗೆ ಚೂರುಚೂರಾಗಿ ಬಂದದ್ದು ಅವರ ಕೈಗೆ ಬಾಳೆಲೆಯ ಹಾಗೆ ಅಖಂಡ ಬಂತು. ಉಳಿದ ಅಂಟಿಗೆ ತೆಗೆದ ಫಿಲ್ಮನ್ನೇ ಉಂಡೆ ಮಾಡಿ, ಅಂಟಿನ ಬದಿ ಕೆಳಗೆ ಮಾಡಿ ಟಪಟಪ ಒತ್ತಿದರು, ಅಂಟು ಅಂಟಿಗೇ ಎದ್ದು ಬಂತು. ಅದಕ್ಕೂ ಬಗ್ಗದ್ದಕ್ಕೆ ಬಟ್ಟೆಯಲ್ಲಿ ನಾಲ್ಕು ಹನಿ ಸೀಮೆಎಣ್ಣೆ, ಕೂಡಲೇ ಶಾಂಪೂ ನೀರು.

ಹನ್ನೊಂದೂವರೆ. ಬಾನೆಟ್ಟು ಚೊಕ್ಕ ಆಯ್ತು ಅಂದುಕೊಂಡು ಟ್ಯೂಬ್‌ಲೈಟಿನ ಕೆಳಗೆ ತಂದರೆ ಫಿಲ್ಮಿನ ಅಂಚು ಇದ್ದಲ್ಲೆಲ್ಲ ಮಬ್ಬು ಗೆರೆ. ಕಾಸಿದ್ದಕ್ಕೆ ಅರ್ಧ ಮಾಯವಾಗಿತ್ತು, ಉಳಿದದ್ದು ರಬ್ಬಿಂಗ್, ಅಂದರೆ ಪಾಲಿಶ್ ಹಾಕಿ ಉಜ್ಜುವುದು, ಕೇಳ್ತದೆ. ಬಂಪರಿನ ಮಂಕು ರಬ್ಬಿಂಗಿಗೆ ಹೋಗುವ ಜಾತಿ ಅಲ್ಲ, ಮತ್ತೆ ಪೇಂಟೇ ಆಗಬೇಕು. ಟೈಮ್ ಎಲ್ಲಿ? ಆಗ ಮ್ಯಾನೇಜರ್ ಬಂದು ನೋಡಿ, ಬಹಳ ತಣ್ಣಗೆ ಹೇಳಿದರು: "ಮಾಲೆ ಸ್ವಲ್ಪ ಎಡಕ್ಕೆ ಇಳಿಬಿಡು."

ನಾನು ಇಳಿಬಿಟ್ಟೆ. ಥಿನ್ನರಿಗಿಂತ ದೊಡ್ಡ ತಪ್ಪು ಅದೇ, ಮತ್ತು ಅದನ್ನು ಗಡಿಬಿಡಿಯಲ್ಲಿ ಮಾಡಿದೆ ಅಂತಲೂ ಹೇಳುವ ಹಾಗಿಲ್ಲ. ಸೇವಂತಿಗೆ ಮಾಲೆ ಸರಿಯಾಗಿ ಮಂಕಿನ ಮೇಲೆ ಕೂರುವ ಹಾಗೆ ಎರಡು ಸಲ ಟೇಪ್ ಹಚ್ಚಿದ್ದೇನೆ.

ಕಸ್ಟಮರ್ ಅರವತ್ತು ದಾಟಿದವರು, ಅಂಗಿ, ಪಂಚೆ, ಹೆಗಲ ಮೇಲೆ ಒದ್ದೆ ಶಾಲು. ಪೂಜೆ ಆಯ್ತು, ಲಿಂಬೆಹಣ್ಣು ಚಕ್ರದಡಿ ಇಟ್ಟಾಯ್ತು. ಕೀಲಿ ತಗೊಳ್ಳುವ ಮೊದಲು ಅವರು ಬಾನೆಟ್ಟಿನ ಮೇಲೆ ಕೈ ಆಡಿಸಿದರು. ಚಾಲಿ ಅಡಿಕೆ ರಾಶಿಯಲ್ಲಿ ಕೈ ಹಾಕಿ ಕೆಟ್ಟದ್ದು ಹುಡುಕುವವರ ಕೈ ಅದು.

"ತಮ್ಮಾ, ಎಂತದೋ ಇದು? ಗದ್ದೆಗೆ ಅಂಚು ಕಟ್ಟಿದ ಹಾಗೆ ಕಾಣ್ತದಲ್ಲ?"

ನಾನು ಬಾಯಿ ತೆರೆಯುವುದರೊಳಗೆ ಕೈ ಬಂಪರಿಗೆ ಇಳಿದಿತ್ತು. ಮಾಲೆಯನ್ನು ಎರಡು ಬೆರಳಲ್ಲಿ, ದೇವರ ಮೇಲಿನ ಹೂ ತೆಗೆಯುವ ಹಾಗೆ ಎತ್ತಿದರು. ನೋಡಿದರು. ಮತ್ತೆ ಅಲ್ಲೇ ಬಿಟ್ಟರು. ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೆ ಎಂಟು ನಿಮಿಷ. ಮ್ಯಾನೇಜರಿಗೆ ಅಷ್ಟು ಹೊತ್ತಿಗೆ ಸರಿಯಾಗಿ ಯಾವುದೋ ಫೋನು ಬಂದಿತ್ತು.

ಎಲ್ಲ ಹೇಳಿದೆ. ಮೇ ತಿಂಗಳ ಟಿಕ್ಕಿನಿಂದ ಮಾಲೆಯ ತನಕ. ಅವರು ಕೇಳಿದ್ದು ಒಂದೇ, "ಚೌತಿ ಮುಗಿದ ಮೇಲೆ ಮಾಡಿಕೊಡ್ತೀರೋ?" ಜಾಬ್ ಕಾರ್ಡಿನಲ್ಲಿ ಬರೆದು ಕೊಡು ಅಂದರು. ಬಂಪರ್ ಪೇಂಟ್, ಬಾನೆಟ್ ರಬ್ಬಿಂಗ್, ಚಾರ್ಜಿಲ್ಲ ಅಂತ ಬರೆದು ಸಹಿ ಹಾಕಿದೆ. ಗಾಡಿ ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಗೇಟ್ ದಾಟಿತು. ಮಾಲೆ ಅದೇ ಎಡಕ್ಕೆ ವಾಲಿಕೊಂಡು.

ಮುಂದಿನ ತಿಂಗಳ ಇನ್ಸೆಂಟಿವಿನಲ್ಲಿ ಬಂಪರಿನ ಪೇಂಟ್ ಖರ್ಚು ಕಟ್ ಆಯ್ತು, ನನ್ನದರಲ್ಲಿ ಮಾತ್ರ. ಹೀಟ್ ಗನ್ ಇನ್ನೂ ಬಂದಿಲ್ಲ. ಈಗ ಗಾಡಿ ಇಳಿದ ವಾರದೊಳಗೆ, ಬೆಳಗಿನ ಎಳೆಬಿಸಿಲು ಬಾನೆಟ್ಟಿಗೆ ಬಿದ್ದ ಹೊತ್ತು ನೋಡಿ ನಾನೇ ಫಿಲ್ಮು ತೆಗೀತೇನೆ, ಶೀಟಿನಲ್ಲಿ ಟಿಕ್ಕಿನ ಬದಲು ತಾರೀಕು ಬರೀತೇನೆ. ಈ ಕಾಲಮ್ಮಿಗೆ ತಾರೀಕು ಬೇಡ, ಸಿಸ್ಟಮ್ ತಗೊಳ್ಳುವುದಿಲ್ಲ ಅಂತ ಆಫೀಸಿನವರದ್ದು ದಿನಾ ತಗಾದೆ.

ಆ ಕಸ್ಟಮರ್ ಫಸ್ಟ್ ಸರ್ವಿಸಿಗೆ ಬಂದಿದ್ದರು. ಬಂಪರ್ ಹೊಳೀತಿತ್ತು. ಕೀಲಿ ನನ್ನ ಕೈಗೆ ಕೊಡುತ್ತಾ ಗಾಡಿಯ ಎಡಮೂಲೆ ಕಡೆ ಒಂದು ಸಲ ನೋಡಿ ಕೇಳಿದರು, "ಎಂತ ತಮ್ಮಾ, ಇವತ್ತು ಮಾಲೆ ಇಲ್ವೋ?"