ಜೀಪಿನ ಇಂಜಿನ್ನಿಗೆ ಬಣ್ಣ ಹೊಡೆದ ಕಥೆ

ಸಕಲೇಶಪುರದ ಹತ್ರ ನಮ್ ದೊಡ್ಡಪ್ಪನ ತೋಟದಲ್ಲಿ ಒಂದು ಫೋರ್ಡ್ ಜಿಪಿಡಬ್ಲ್ಯೂ ಇದೆ, ಎರಡನೇ ಮಹಾಯುದ್ಧದ ಜೀಪು, ಮಿಲಿಟರಿಯವ್ರು ಬೇಡ ಅಂತ ಡಿಸ್ಪೋಸಲ್‌ನಲ್ಲಿ ಮಾರಿದ್ಮೇಲೆ ಯಾರ್ಯಾರದೋ ಕೈ ದಾಟಿ ನಮ್ಮನೆಗೆ ಬಂದಿದ್ದು. 2199 ಸಿಸಿ ಇಂಜಿನ್, 60 ಎಚ್‌ಪಿ. ರಿಂಗು, ವಾಲ್ವು ಎಲ್ಲಾ ಮಾಡ್ಸಿದ್ದು ಒಂದು ಲೆಕ್ಕ, ಬಣ್ಣದ ವಿಷ್ಯಕ್ಕೆ ಮೇಸ್ತ್ರಿಗೂ ನನಗೂ ಆದ ಜಗಳನೇ ಒಂದು ಲೆಕ್ಕ.

ಅವರದ್ದು ಒಂದೇ ಹಠ, "ಬಾಡಿಗೆ ಮಿಲಿಟರಿ ಹಸಿರು ಹೊಡೆಯಂಗಿಲ್ಲ ಅಂತೀರ, ಇಂಜಿನ್‌ಗಾದ್ರೂ ಹೊಡೆಯಣ ಬಿಡಿ ಸಾರ್, ಆರ್‌ಟಿಓದವ್ರು ಬಾನೆಟ್ ಎತ್ತಿ ನೋಡ್ತಾರಾ?" (1989ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆ ಗಾಡಿಗಳಿಗೆ ಮಾತ್ರ.) ಆದ್ರೆ ಮ್ಯಾನಿಫೋಲ್ಡ್ (ಇಂಜಿನ್ ಪಕ್ಕದಲ್ಲಿರೋ ಕಬ್ಬಿಣದ ಕೊಳವೆಗಳು) ಬಿಚ್ಚಿ ಅದರ ಹಿಂದಿದ್ದ ಟ್ಯಾಪೆಟ್ ಕವರ್ (ವಾಲ್ವಿನ ಕಡೆ ಮುಚ್ಚೋ ತಗಡು) ಕೆರೆದಾಗ ಮೇಲೆ ಸಿಲ್ವರ್, ಅದರಡಿ ಎಣ್ಣೆ ಜಿಡ್ಡು, ಅದರಡೀಲಿ ಬೂದು ಬಣ್ಣ ಸಿಕ್ತು. ಫೋರ್ಡ್‌ನವರು ಬಳಿತಿದ್ದಿದ್ದೇ ಬೂದು. ಮೇಸ್ತ್ರಿ ಸುಮ್ನಾದ್ರು.

ಇಲ್ಲಿಂದ ನನ್ ದಡ್ಡತನ ಶುರು. ಡಬ್ಬಿ ಮೇಲೆ ಹೀಟ್ ರೆಸಿಸ್ಟೆಂಟ್ ಅಂತ ಇತ್ತು ಅಂತ ಬೂದು ಇಂಜಿನ್ ಎನಾಮೆಲ್ಲನ್ನ ಬ್ಲಾಕ್‌ಗೂ (ಇಂಜಿನ್ನಿನ ಮುಖ್ಯ ಮೈ) ಹೊಡೆದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೂ ಹೊಡೆದೆ. ಬ್ಲಾಕ್ ಒಳಗೆ ನೀರು ಓಡಾಡುತ್ತೆ, ಹಾಗಾಗಿ ಅದರ ಮೈ ಸುಮಾರು 100 ಡಿಗ್ರಿ ಆಸುಪಾಸಲ್ಲೇ ಇರುತ್ತೆ, ಆ ಪೇಂಟು ಅದಕ್ಕೆ ಧಾರಾಳ ಸಾಕು. ಮ್ಯಾನಿಫೋಲ್ಡ್‌ಗೆ ನೀರೂ ಇಲ್ಲ ಏನೂ ಇಲ್ಲ, ಸುಟ್ಟ ಗ್ಯಾಸ್ ನೇರ ಅದರೊಳಗೇ ಹೋಗೋದು, ಲೋಡಲ್ಲಿ ಏರು ಹತ್ತುವಾಗ 400 ಡಿಗ್ರಿ ದಾಟೋದೂ ಉಂಟು. ಸ್ಟಾರ್ಟ್ ಮಾಡಿ ತೋಟದ ಏರು ಒಂದ್ಸಲ ಹತ್ತಿಸ್ಕೊಂಡ್ ಬರೋಷ್ಟರಲ್ಲಿ ಹೊಗೆ, ಕಮಟು ವಾಸನೆ, ಬೂದು ಹೋಗಿ ಕಂದು, ಆಮೇಲೆ ಹಪ್ಪಳದ ಥರ ಎದ್ದು ಬಂತು.

ಸರಿ, 600 ಡಿಗ್ರಿ ತಡಿಯೋ ಸಿಲಿಕೋನ್ ಪೇಂಟ್ ತಂದ್ವಿ, ಕಪ್ಪು. ಇದರ ಕೆಳಗೆ ಮಾಮೂಲಿ ಪ್ರೈಮರ್ ಹಾಕಂಗಿಲ್ಲ, ಹಾಕಿದ್ರೆ ಪ್ರೈಮರ್ ಸುಟ್ಟು ಮೇಲಿನದನ್ನೂ ಎಬ್ಬಿಸ್ಕೊಂಡು ಹೋಗುತ್ತೆ, ಬರೀ ಕಬ್ಬಿಣದ ಮೇಲೇ ತೆಳ್ಳಗೆ ಹೊಡೀಬೇಕು. ನಮ್ಮಲ್ಲಿ ಜುಲೈ ಮಳೆ. ಸಂಜೆ ವೈರ್ ಬ್ರಷ್ ಹಾಕಿ ಬೆಳ್ಳಗೆ ಮಾಡಿಟ್ಟ ಮ್ಯಾನಿಫೋಲ್ಡ್ ಬೆಳಿಗ್ಗೆ ನೋಡಿದ್ರೆ ಅರಿಶಿನ ಕುಂಕುಮ ಹಚ್ಚಿದಂಗೆ ತುಕ್ಕು. ಎರಡು ದಿನ ಇದೇ ಆಟ. ಕೊನೆಗೆ ದೊಡ್ಡಮ್ಮನ ಬಚ್ಚಲೊಲೆ ಹತ್ರ ಇಟ್ಟು ಬೆಚ್ಚಗೆ ಮಾಡ್ಕೊಂಡು, ಬೆಂಕಿಯಿಂದ ದೂರ ಶೆಡ್ಡಿಗೆ ಒಯ್ದು, ಥಿನ್ನರಲ್ಲಿ ಒರೆಸಿ, ಅರ್ಧ ಗಂಟೇಲಿ ಮೊದಲ ಕೋಟ್ ಮುಗಿಸಿದ್ವಿ. ದೊಡ್ಡಮ್ಮ ಏನಂದ್ರು ಅಂತ ಇಲ್ಲಿ ಬರೆಯೋಕಾಗಲ್ಲ.

ಈ ಪೇಂಟ್ ಒಣಗಿದ್ರೆ ಸಾಲದು, ಕಾಯಿಸ್ಬೇಕು, ಇಲ್ಲಾಂದ್ರೆ ಗಟ್ಟಿಯಾಗಲ್ಲ. ಹತ್ತು ನಿಮಿಷ ಐಡಲ್, ಆಫ್ ಮಾಡಿ ಪೂರ್ತಿ ಆರೋವರೆಗೂ ಕಾಯೋದು, ಆಮೇಲೆ ಇಪ್ಪತ್ತು ನಿಮಿಷ, ಆಮೇಲೆ ಏರು. ಮೊದಲ ಹತ್ತು ನಿಮಿಷ ಸಣ್ಣಗೆ ಹೊಗೆ ಬಂತು, ಈ ಸಲ ಸರಿಯಾದ ಹೊಗೆ. ಅದು ಆರೋಕೆ ಬಿಟ್ಟು ಕಾಫಿ ಕುಡಿದು ಬರೋಷ್ಟರಲ್ಲಿ ಮೇಲಿದ್ದ ಕಾರ್ಬುರೇಟರ್‌ನಿಂದ ಪೆಟ್ರೋಲ್ ತೊಟ್ಟಿಕ್ಕಿ, ಇನ್ನೂ ಹಸಿಯಾಗಿದ್ದ ಪೇಂಟಲ್ಲಿ ರೂಪಾಯಿಯಗಲ ಬಿಳಿ ಕಬ್ಬಿಣ ಕಾಣ್ತಿತ್ತು. ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲು! ಬಣ್ಣದ ಚಿಂತೆ ಅಲ್ಲೇ ಬಿಟ್ಟು ಮೊದಲು ಟ್ಯಾಂಕಿಂದ ಬರೋ ಪೈಪ್ ಕಳಚಿದ್ವಿ, ಮಾರನೇ ದಿನ ಹಾಸನಕ್ಕೆ ಹೋಗಿ ಕಾರ್ಬುರೇಟರ್‌ಗೆ ಪೆಟ್ರೋಲ್ ಜಾಸ್ತಿ ಬರದಂಗೆ ತಡೆಯೋ ಫ್ಲೋಟ್ ನೀಡಲ್ ತಂದ್ವಿ.