‘ಹಾಡು ಯಾವಾಗ ಶುರುವಾಗುತ್ತದೆ?’ ಎಂದು ಕೇಳುವವರಿಗೆ

ನಾನು ಸಂಗೀತ ಹಾಕಿದಾಗ ಮನೆಗೆ ಬಂದವರೆಲ್ಲ ಕೇಳುವುದು ಇದನ್ನೇ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮೇಲೆ ಈ ಬರಹವನ್ನು ಕಳಿಸಿಬಿಡುತ್ತೇನೆ. ಹಾಡು ಶುರುವಾಗಿ ಆಗಲೇ ಐದು ನಿಮಿಷವಾಯಿತು. ನೀವು ಮಾತಾಡುತ್ತಿದ್ದಿರಿ.

ನಾನು ಹಾಕುವುದು ಹೆಚ್ಚಾಗಿ ಎಪ್ಪತ್ತರ ದಶಕದ ಯುರೋಪಿನ ಜಾಝ್, ಅದರಲ್ಲೂ ಜರ್ಮನಿಯ ಎಬರ್‌ಹಾರ್ಡ್ ವೇಬರ್. ಚಿಕ್ಕಂದಿನಲ್ಲಿ ಚೆಲ್ಲೊ ಕಲಿತು, ಆಮೇಲೆ ಡಬಲ್ ಬಾಸ್ ಹಿಡಿದವರು. ಹಿಂದೆ ನಿಂತು ಲಯಕ್ಕೆ ಬುನಾದಿ ಹಾಕುವ ದೊಡ್ಡ ತಂತಿವಾದ್ಯವದು. ವೇಬರ್ ಅದಕ್ಕೆ ವಿದ್ಯುತ್ ಕೊಟ್ಟರು, ಮೇಲುಸ್ಥಾಯಿಗೆ ಒಂದು ತಂತಿ ಸೇರಿಸಿದರು, ಹಾಡುವ ಕೆಲಸವನ್ನೇ ಅದಕ್ಕೆ ಒಪ್ಪಿಸಿದರು. 1973ರ ಡಿಸೆಂಬರಿನಲ್ಲಿ ಧ್ವನಿಮುದ್ರಣವಾದ ‘ದಿ ಕಲರ್ಸ್ ಆಫ್ ಕ್ಲೋಯಿ’ ಆಲ್ಬಮ್‌ನಲ್ಲಿ ಸ್ಟುಟ್‌ಗಾರ್ಟ್‌ನ ರೇಡಿಯೊ ವಾದ್ಯವೃಂದದ ಚೆಲ್ಲೊಗಳೂ ಸಿಂಥಸೈಜರೂ ಒಂದೇ ಕೋಣೆಯವರಂತೆ ಬದುಕುತ್ತವೆ. ಇದು ಜಾಝೋ, ರಾಕೋ, ಶಾಸ್ತ್ರೀಯವೋ ಎಂಬುದು ಅಂಗಡಿಯ ಕಪಾಟಿನ ಚಿಂತೆ, ಕಿವಿಯದಲ್ಲ.

ಒಮ್ಮೆ ದೀಪಾವಳಿಗೆ ದೊಡ್ಡಪ್ಪ ಬಂದಿದ್ದರು. ರಾಮೋತ್ಸವದ ಕಚೇರಿಗಳಲ್ಲಿ ಮೊದಲ ಸಾಲು ಬಿಟ್ಟು ಕೂರದವರು. ನಾನು 1975ರಲ್ಲಿ ಮುದ್ರಣವಾದ ವೇಬರ್ ಅವರ ‘ಯೆಲ್ಲೊ ಫೀಲ್ಡ್ಸ್’ ಹಾಕಿದ್ದೆ. ಅದರ ‘ಸ್ಯಾಂಡ್-ಗ್ಲಾಸ್’ ಹದಿನೈದು ನಿಮಿಷ ದಾಟುತ್ತದೆ. ಅರ್ಧಕ್ಕೇ ದೊಡ್ಡಪ್ಪ, “ಏನೋ, ಹಾಡು ಯಾವಾಗ ಶುರುವಾಗುತ್ತದೆ?” ಎಂದರು.

“ತೋಡಿ ಆಲಾಪನೆ ಅರ್ಧ ಗಂಟೆ ನಡೆದಾಗ, ಕೀರ್ತನೆ ಯಾವಾಗ ಎಂದು ವಿದ್ವಾಂಸರನ್ನು ಕೇಳುತ್ತೀರಾ ದೊಡ್ಡಪ್ಪ?” ನನ್ನ ದನಿ ಏರಿತ್ತು. ದೊಡ್ಡಮ್ಮ ಕೋಡುಬಳೆ ತಟ್ಟೆಯನ್ನು ನಮ್ಮಿಬ್ಬರ ನಡುವೆ ತಂದಿಟ್ಟರು.

ಕಲಾವಿದರ ಪಟ್ಟಿ ತೋರಿಸಿದೆ. ಚಾರ್ಲಿ ಮರಿಯಾನೊ: ಸೊಪ್ರಾನೊ ಸ್ಯಾಕ್ಸಫೋನ್, ಶೆಹನಾಯ್, ನಾಗಸ್ವರ. ದೊಡ್ಡಪ್ಪ ಕನ್ನಡಕ ಏರಿಸಿ ಕೊನೆಯ ಪದದ ಮೇಲೆ ಬೆರಳಿಟ್ಟರು. ಅದೇ ಮರಿಯಾನೊ 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ‘ಜ್ಯೋತಿ’ ಎಂಬ ಆಲ್ಬಮ್ ಮಾಡಿದರು; ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ. “ನಮ್ಮ ಮಣಿಯವರೇ?” ಎಂದು ದೊಡ್ಡಪ್ಪ ನೆಟ್ಟಗೆ ಕೂತರು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಯಿತು. ನಮ್ಮವರು ಇದ್ದಾರೆಂದು ತಿಳಿದ ಮೇಲೆಯೇ ಕಿವಿ ತೆರೆಯಬೇಕೇ?

ಹಾಡುಗಳ ನಡುವೆ ಏನಾಗುತ್ತದೆ ಎಂದು ಯಾರಾದರೂ ಕೇಳಲಿ, ಕಾಫಿ ಮಾಡಿಕೊಟ್ಟು ಹೇಳುತ್ತೇನೆ. ನಾರ್ವೆಯ ಸ್ಯಾಕ್ಸಫೋನ್ ವಾದಕ ಯಾನ್ ಗಾರ್ಬಾರೆಕ್ ಅವರ ತಂಡದಲ್ಲಿ ವೇಬರ್ ಬಹಳ ವರ್ಷ ನುಡಿಸಿದರು. ಕಚೇರಿಯ ನಡುವೆ ಅವರೊಬ್ಬರದೇ ಬಾಸ್ ವಾದನವಿರುತ್ತಿತ್ತು. 2007ರಲ್ಲಿ ವೇಬರ್‌ಗೆ ಪಾರ್ಶ್ವವಾಯು ಹೊಡೆಯಿತು; ಬಾಸ್ ನುಡಿಸುವುದು ಅಲ್ಲಿಗೇ ನಿಂತಿತು. ಆಗ ಅವರು 1990ರಿಂದ ಮುದ್ರಣವಾಗಿದ್ದ ಆ ಏಕಾಂಗಿ ಭಾಗಗಳನ್ನು ಹೆಕ್ಕಿ ತೆಗೆದರು. ಅವುಗಳ ಸುತ್ತ ಕೀಬೋರ್ಡ್ ಹೆಣೆದರು, ಕೆಲವಕ್ಕೆ ಗಾರ್ಬಾರೆಕ್ ಬಂದು ಸ್ಯಾಕ್ಸಫೋನ್ ನುಡಿಸಿದರು. 2012ರಲ್ಲಿ ಅದು ‘ರೆಸ್ಯುಮೆ’ ಎಂದು ಹೊರಬಂತು. ಒಂದೊಂದು ರಚನೆಗೂ ಒಂದೊಂದು ಊರಿನ ಹೆಸರು: ಕಾರ್ಲ್ಸ್‌ರೂಹ, ಮಾರ್‌ಬುರ್ಗ್, ಬಾತ್, ಗ್ರೆನೋಬಲ್.

ಆ ಊರುಗಳಲ್ಲಿಯೂ ಆ ಸಂಜೆ ಯಾರೋ ಒಬ್ಬರು ಪಕ್ಕದವರ ಕಡೆ ಬಾಗಿ, ಮುಂದಿನ ಹಾಡು ಯಾವಾಗ ಎಂದು ಕೇಳಿರಬೇಕು.